ಬೆಳಕಿನ ರಂಗಭೂಮಿಯ ಎಮಿಲ್ ರೇನೋ

ಚಲಚ್ಚಿತ್ರವನ್ನು ಕಂಡುಹಿಡಿದವರು ಯಾರೆಂದು ಕೇಳಿದರೆ ನಮ್ಮ ಶಾಲೆಯ ಮಕ್ಕಳು ಸಹ ತಡವರಿಸದೆ ಉತ್ತರ ಹೇಳುತ್ತಾರೆ. ಅಮೆರಿಕದ ಎಡಿಸನ್ ಎಂದು ಕೆಲವರು, ಫ್ರಾನ್ಸ್ ದೇಶದ ಲೂಮಿಯೇರ್ ಸಹೋದರರು ಎಂದು ಕೆಲವರು. ಎರಡು ಉತ್ತರಗಳೂ ತಕ್ಕಮಟ್ಟಿಗೆ ಸರಿಯೇ. ಆದರೆ ಲೂಮಿಯೇರ್ ಸಹೋದರರ ಪ್ರದರ್ಶನಕ್ಕೆ ಮೂರು ವರ್ಷ ಮೊದಲೇ, ಅದೇ ಪ್ಯಾರಿಸ್ ನಗರದಲ್ಲಿ, ಒಬ್ಬ ಮನುಷ್ಯನು ಕತ್ತಲೆಯ ಕೋಣೆಯಲ್ಲಿ ಜನರನ್ನು ಕುಳ್ಳಿರಿಸಿ, ತೆರೆಯ ಮೇಲೆ ಚಲಿಸುವ ಚಿತ್ರಗಳಿಂದ ಕಥೆ ಹೇಳುತ್ತಿದ್ದನೆಂಬ ಸಂಗತಿ ಅನೇಕರಿಗೆ ತಿಳಿಯದು. ಆತನ ಹೆಸರು ಎಮಿಲ್ ರೇನೋ. ಚಲಚ್ಚಿತ್ರದ ಚರಿತ್ರೆಯನ್ನು ಬರೆದವರು ಆತನಿಗೆ ಮೊದಲ ಅಧ್ಯಾಯದಲ್ಲಿಯೇ ಗೌರವದ ಸ್ಥಾನ ಕೊಟ್ಟಿದ್ದಾರೆ. ಆದರೆ ಬದುಕಿದ್ದಾಗ ಆ ಗೌರವ ಆತನ ಮನೆಯ ಒಲೆಯನ್ನು ಉರಿಸಲಿಲ್ಲ.

ರೇನೋನ ಪ್ರದರ್ಶನ ಆರಂಭವಾದುದು 1892ನೆಯ ಇಸವಿ ಅಕ್ಟೋಬರ್ 28ರಂದು. ಅದರ ನೆನಪಿಗಾಗಿ 2002ರಿಂದ ಈಚೆಗೆ ಆ ದಿನವನ್ನು ಅಂತರರಾಷ್ಟ್ರೀಯ ಆನಿಮೇಷನ್ ದಿನವೆಂದು ಆಚರಿಸುತ್ತಿದ್ದಾರೆ. ನಮ್ಮ ರಾಜ್ಯೋತ್ಸವಕ್ಕೆ ಸರಿಯಾಗಿ ನಾಲ್ಕು ದಿನ ಮುಂಚೆ ಬರುವ ಈ ದಿನದ ನೆಪದಿಂದ ಆ ಕುಶಲಿಯ ಬಾಳಿನ ಕಥೆಯನ್ನು ಸಂಘದ ಬಂಧುಗಳ ಮುಂದೆ, ಮುಖ್ಯವಾಗಿ ನಮ್ಮ ಮಕ್ಕಳ ಮುಂದೆ, ಇಡುವುದು ಉಚಿತವೆಂದು ಭಾವಿಸಿದ್ದೇನೆ.

ಬಾಲ್ಯ ಮತ್ತು ಕಲಿಕೆ

ಎಮಿಲ್ ರೇನೋ ಹುಟ್ಟಿದುದು 1844ನೆಯ ಇಸವಿ ಡಿಸೆಂಬರ್ 8ರಂದು, ಪ್ಯಾರಿಸ್ಸಿನ ಮಗ್ಗುಲಿನ ಮಾಂತ್ರೆಯ್ ಎಂಬ ಊರಿನಲ್ಲಿ. ತಂದೆ ಸೂಕ್ಷ್ಮ ಯಂತ್ರಗಳ ಕೆಲಸ ಬಲ್ಲವನು, ಪದಕಗಳನ್ನು ಕೆತ್ತುವುದರಲ್ಲಿ ನುರಿತವನು. ತಾಯಿ ಶಾಲೆಯಲ್ಲಿ ಪಾಠ ಹೇಳಿದವಳು, ನೀರುಬಣ್ಣದ ಚಿತ್ರಕಲೆಯನ್ನು ಚೆನ್ನಾಗಿ ಕಲಿತವಳು. ಹುಡುಗನಿಗೆ ಮನೆಯೇ ಪಾಠಶಾಲೆಯಾಯಿತು. ತಂದೆಯ ಕಮ್ಮಟದಲ್ಲಿ ಲೋಹವನ್ನು ಕೂದಲೆಳೆಯಷ್ಟೂ ತಪ್ಪದಂತೆ ಕೊರೆಯುವುದನ್ನು ಕಲಿತನು. ತಾಯಿಯ ಬಳಿ ಕುಂಚ ಹಿಡಿಯುವುದನ್ನು ಕಲಿತನು. ಮುಂದೆ ಆತನು ಮಾಡಿದ ಕೆಲಸಕ್ಕೆ ಈ ಎರಡು ವಿದ್ಯೆಗಳೂ ಬೇಕಾಗಿದ್ದುವು. ಯಂತ್ರ ಬಲ್ಲವರು ಆ ಕಾಲದಲ್ಲಿ ಬಹಳ ಜನರಿದ್ದರು, ಚಿತ್ರ ಬಲ್ಲವರೂ ಇದ್ದರು. ಎರಡೂ ಒಂದೇ ಜೊತೆ ಕೈಗಳಲ್ಲಿ ಕೂಡಿ ಬಂದುದು ಅಪರೂಪ.

ಹದಿನಾಲ್ಕರ ವಯಸ್ಸಿನ ಹೊತ್ತಿಗೆ ಹುಡುಗನನ್ನು ಪ್ಯಾರಿಸ್ಸಿನ ಒಂದು ಯಂತ್ರೋಪಕರಣಗಳ ಕಾರ್ಖಾನೆಯಲ್ಲಿ ಉಮೇದುವಾರನಾಗಿ ಸೇರಿಸಿದರು. ಅಲ್ಲಿಂದ ಆತನು ಆದಂ ಸಾಲೊಮೊನ್ ಎಂಬ ಹೆಸರಾಂತ ಛಾಯಾಗ್ರಾಹಕನ ಬಳಿಗೆ ಹೋಗಿ, ಚಿತ್ರಗಳನ್ನು ತಿದ್ದುವ ನಾಜೂಕಿನ ಕೆಲಸದಲ್ಲಿ ಪಳಗಿದನು.

ಮಾಯಾದೀಪದ ಉಪನ್ಯಾಸಗಳು

1864ರಲ್ಲಿ ರೇನೋನ ಬಾಳು ಒಂದು ತಿರುವನ್ನು ಕಂಡಿತು. ಆಗ ಪ್ಯಾರಿಸ್ಸಿನಲ್ಲಿ ಮೊಯಿಞೋ ಎಂಬ ಪಾದ್ರಿಯೊಬ್ಬನಿದ್ದನು. ವಿಜ್ಞಾನವನ್ನು ಸಾಮಾನ್ಯ ಜನರ ಮನೆಬಾಗಿಲಿಗೆ ಒಯ್ಯಬೇಕೆಂಬುದು ಆತನ ಹಂಬಲ. ಅದಕ್ಕಾಗಿ ಪತ್ರಿಕೆಗಳನ್ನು ನಡೆಸಿದನು, ಸಾರ್ವಜನಿಕ ಉಪನ್ಯಾಸಗಳನ್ನು ಏರ್ಪಡಿಸಿದನು. ಆ ಉಪನ್ಯಾಸಗಳ ವಿಶೇಷವೇನೆಂದರೆ, ಹೇಳುವ ಮಾತಿನ ಜೊತೆಗೆ ಮಾಯಾದೀಪದ ಚಿತ್ರಗಳೂ ತೆರೆಯ ಮೇಲೆ ಮೂಡುತ್ತಿದ್ದುವು.

ಮಾಯಾದೀಪವೆಂದರೆ ಮ್ಯಾಜಿಕ್ ಲ್ಯಾಂಟರ್ನ್. ಇದು ಹದಿನೇಳನೆಯ ಶತಮಾನದಿಂದಲೂ ಯೂರೋಪಿನಲ್ಲಿ ಬಳಕೆಯಲ್ಲಿದ್ದ ಸಾಧನ. ಒಂದು ಪೆಟ್ಟಿಗೆ, ಅದರೊಳಗೆ ದೀಪ, ದೀಪದ ಮುಂದೆ ಬೆಳಕನ್ನು ಒಟ್ಟುಗೂಡಿಸುವ ಮಸೂರ, ಅದರ ಮುಂದೆ ಗಾಜಿನ ಮೇಲೆ ಬರೆದ ಚಿತ್ರ, ಆ ಚಿತ್ರವನ್ನು ದೊಡ್ಡದು ಮಾಡಿ ತೆರೆಗೆ ಕಳಿಸುವ ಇನ್ನೊಂದು ಮಸೂರ: ಇಷ್ಟೇ ಇದರ ರಚನೆ. ಚಿತ್ರವನ್ನು ಪೆಟ್ಟಿಗೆಯೊಳಗೆ ತಲೆಕೆಳಗಾಗಿ ಇಟ್ಟರೆ ತೆರೆಯ ಮೇಲೆ ನೇರವಾಗಿ ಕಾಣುತ್ತದೆ. ಮೊದಮೊದಲು ಎಣ್ಣೆಯ ದೀಪವಿದ್ದುದರಿಂದ ಚಿತ್ರ ಮಂಕಾಗಿರುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಆಮ್ಲಜನಕ ಮತ್ತು ಜಲಜನಕಗಳ ಜ್ವಾಲೆಯಿಂದ ಸುಣ್ಣದ ತುಂಡನ್ನು ಕಾಯಿಸಿ, ಅದು ಬಿಳಿಯಾಗಿ ಪ್ರಜ್ವಲಿಸುವಂತೆ ಮಾಡುವ ಉಪಾಯ ಬಂದಿತು. ಇದರಿಂದ ನೂರಾರು ಜನರು ಕುಳಿತ ಸಭಾಭವನದಲ್ಲಿಯೂ ಚಿತ್ರ ಸ್ಪಷ್ಟವಾಗಿ ಕಾಣತೊಡಗಿತು. ಅಲ್ಲಿಯವರೆಗೆ ಜಾತ್ರೆಗಳಲ್ಲಿ ಭೂತಪ್ರೇತಗಳನ್ನು ತೋರಿಸಿ ಹೆದರಿಸುತ್ತಿದ್ದ ಪೆಟ್ಟಿಗೆ ಈಗ ವಿಜ್ಞಾನದ ಉಪಾಧ್ಯಾಯನಾಯಿತು. ಚಿತ್ರಗಳನ್ನು ಮಾತ್ರವಲ್ಲದೆ ಪ್ರಯೋಗಗಳನ್ನೇ ತೆರೆಯ ಮೇಲೆ ನಡೆಸಿ ತೋರಿಸುವ ಪದ್ಧತಿ ಬೆಳೆಯಿತು. ಗಾಜಿನ ಪಟ್ಟಿಯ ಮೇಲಿನ ದ್ರಾವಣದಲ್ಲಿ ಹರಳುಗಳು ಕಣ್ಣೆದುರಿಗೇ ಗರಿಗಟ್ಟಿ ಬೆಳೆಯುವುದನ್ನು ಒಂದು ಸಭೆಗೆ ಸಭೆಯೇ ನೋಡಬಹುದಾಗಿದ್ದಿತು.

ಮೊಯಿಞೋನ ಉಪನ್ಯಾಸಗಳಿಗೆ ಹೋದ ಯುವಕ ರೇನೋ ಬೇಗನೆ ಆತನ ಸಹಾಯಕನಾದನು. ಕತ್ತಲೆಯಲ್ಲಿ ಕುಳಿತ ಜನರ ಗಮನವೆಲ್ಲ ಒಂದು ಬೆಳಕಿನ ಚೌಕದ ಮೇಲೆ ಹೇಗೆ ನೆಡುತ್ತದೆಂಬುದನ್ನು ಆತನು ಇಲ್ಲಿ ಕಣ್ಣಾರೆ ಕಂಡನು.

1865ರ ಕೊನೆಯಲ್ಲಿ ತಂದೆ ತೀರಿಕೊಂಡನು. ರೇನೋ ತಾಯಿಯೊಡನೆ ಪ್ಯಾರಿಸ್ ಬಿಟ್ಟು, ತಂದೆಯ ಪೂರ್ವಿಕರ ಸೀಮೆಯಾದ ಲ ಪ್ವೀ ಎಂಬ ಬೆಟ್ಟದ ಊರಿಗೆ ಹೋದನು. ಅಲ್ಲಿ ವೈದ್ಯನಾಗಿದ್ದ ಬಂಧುವೊಬ್ಬನು ಆತನಿಗೆ ವಿಜ್ಞಾನವನ್ನೂ ಪ್ರಾಚೀನ ಭಾಷೆಗಳನ್ನೂ ಹೇಳಿಕೊಟ್ಟನು. ಕೆಲವು ವರ್ಷಗಳ ಮೇಲೆ ರೇನೋ ಅದೇ ಊರಿನಲ್ಲಿ ಕೈಗಾರಿಕಾ ಶಾಲೆಯ ವಿದ್ಯಾರ್ಥಿಗಳಿಗೂ ಸಾರ್ವಜನಿಕರಿಗೂ ಮಾಯಾದೀಪದ ಸಹಾಯದಿಂದ ವಿಜ್ಞಾನದ ಪಾಠಗಳನ್ನು ಹೇಳತೊಡಗಿದನು. ಬೇಕಾದ ಉಪಕರಣಗಳನ್ನೂ ಗಾಜಿನ ಚಿತ್ರಗಳನ್ನೂ ತಾನೇ ಮಾಡಿಕೊಂಡನು. ಎಲ್ಲವನ್ನೂ ತಾನೇ ಮಾಡಿಕೊಳ್ಳುವ ಈ ಅಭ್ಯಾಸ ಆತನನ್ನು ಕೊನೆಯವರೆಗೂ ಬಿಡಲಿಲ್ಲ.

ಬಿಸ್ಕತ್ತಿನ ಡಬ್ಬಿಯಿಂದ ಒಂದು ಆವಿಷ್ಕಾರ

1876ರಲ್ಲಿ ಒಂದು ಮಗುವನ್ನು ರಂಜಿಸಲೆಂದು ರೇನೋ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ತೆಗೆದುಕೊಂಡು ಆಟಿಕೆ ಮಾಡಲು ಕುಳಿತನು. ಚಿತ್ರಗಳು ಕುಣಿಯುವಂತೆ ತೋರಿಸುವ ಆಟಿಕೆಗಳು ಆ ಮೊದಲೇ ಇದ್ದುವು. 1830ರ ದಶಕದಲ್ಲಿಯೇ ಬೆಲ್ಜಿಯಂ ದೇಶದ ಪ್ಲೇಟೋ ಎಂಬ ವಿಜ್ಞಾನಿ ಅಂಥದೊಂದನ್ನು ಮಾಡಿದ್ದನು. ಒಂದು ಚಲನೆಯ ಬೇರೆ ಬೇರೆ ಹಂತಗಳನ್ನು ಸಾಲಾಗಿ ಬರೆದು, ಒಂದಾದ ಮೇಲೊಂದನ್ನು ಬೇಗಬೇಗ ತೋರಿಸಿದರೆ, ಕಣ್ಣೂ ಮಿದುಳೂ ಸೇರಿ ಅವುಗಳನ್ನು ಒಂದೇ ಚಲನೆಯೆಂದು ಗ್ರಹಿಸುತ್ತವೆ. ಆದರೆ ಹಳೆಯ ಆಟಿಕೆಗಳಲ್ಲಿ ಸಣ್ಣ ಸೀಳುಗಳ ಮೂಲಕ ಇಣುಕಿ ನೋಡಬೇಕಾಗಿದ್ದಿತು. ಸೀಳಿನಿಂದ ಬರುವ ಬೆಳಕು ಬಹಳ ಕಡಿಮೆ. ಆದುದರಿಂದ ಚಿತ್ರ ಮಬ್ಬಾಗಿಯೂ ಅದುರುವಂತೆಯೂ ಕಾಣುತ್ತಿತ್ತು.

ರೇನೋ ಸೀಳುಗಳನ್ನು ತೆಗೆದುಹಾಕಿ ಆ ಜಾಗದಲ್ಲಿ ಕನ್ನಡಿಗಳನ್ನು ತಂದನು. ಉರುಳೆಯ ಒಳಸುತ್ತಿನಲ್ಲಿ ಹನ್ನೆರಡು ಚಿತ್ರಗಳ ಕಾಗದದ ಪಟ್ಟಿ. ನಡುವೆ, ಪಟ್ಟಿಗೂ ಅಚ್ಚಿಗೂ ಸರಿಯಾಗಿ ಅರ್ಧ ದೂರದಲ್ಲಿ, ಹನ್ನೆರಡು ಪುಟ್ಟ ಕನ್ನಡಿಗಳ ಸುತ್ತು. ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವು ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿ ತೋರುವುದೆಂಬುದು ಎಲ್ಲರೂ ಬಲ್ಲ ನಿಯಮ. ಆದುದರಿಂದ ಇಲ್ಲಿ ಪ್ರತಿಬಿಂಬವು ಸರಿಯಾಗಿ ಅಚ್ಚಿನ ಮೇಲೆ ಬೀಳುತ್ತದೆ. ಉರುಳೆ ಎಷ್ಟೇ ತಿರುಗಿದರೂ ಅಚ್ಚು ಇದ್ದಲ್ಲಿಯೇ ಇರುವುದರಿಂದ ಚಿತ್ರವೂ ಇದ್ದಲ್ಲಿಯೇ ನಿಂತಂತೆ ಕಾಣುತ್ತದೆ. ಒಂದು ಕನ್ನಡಿ ಸರಿದು ಇನ್ನೊಂದು ಬಂದಾಗ ಒಂದು ಚಿತ್ರವು ಮುಂದಿನ ಚಿತ್ರದೊಳಗೆ ಕರಗಿಹೋಗುತ್ತದೆ. ನಡುವೆ ಕತ್ತಲೆಯೇ ಇಲ್ಲ. ಇದಕ್ಕೆ ರೇನೋ ಪ್ರಾಕ್ಸಿನೋಸ್ಕೋಪ್ ಎಂದು ಹೆಸರಿಟ್ಟು 1877ರಲ್ಲಿ ಪೇಟೆಂಟ್ ಪಡೆದನು.

ಆಟಿಕೆ ಜನಪ್ರಿಯವಾಯಿತು. 1878ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಅದಕ್ಕೆ ಪ್ರಶಂಸೆ ದೊರೆಯಿತು. ರೇನೋ ಪ್ಯಾರಿಸ್ಸಿಗೆ ಹಿಂದಿರುಗಿ, ಕಮ್ಮಟ ತೆರೆದು, ಆಟಿಕೆಗಳನ್ನು ಮಾಡಿ ಮಾರತೊಡಗಿದನು. 1879ರಲ್ಲಿ ಮದುವೆಯೂ ಆಯಿತು. ಮುಂದೆ ಇಬ್ಬರು ಗಂಡುಮಕ್ಕಳು. ಬೇರೆ ಯಾರಾದರೂ ಆಗಿದ್ದರೆ ಒಳ್ಳೆಯ ಅಂಗಡಿ, ಒಳ್ಳೆಯ ವ್ಯಾಪಾರವೆಂದು ಅಲ್ಲಿಗೇ ನೆಮ್ಮದಿಯಾಗಿ ಇದ್ದುಬಿಡುತ್ತಿದ್ದರು.

ವೃತ್ತದಿಂದ ಹೊರಗೆ

ಆದರೆ ರೇನೋನ ಮನಸ್ಸು ಹಳೆಯ ಉಪನ್ಯಾಸದ ಭವನವನ್ನು ಮರೆತಿರಲಿಲ್ಲ. ಒಬ್ಬ ಹುಡುಗ ಮೇಜಿನ ಮೇಲೆ ಬಗ್ಗಿ ನೋಡುವುದನ್ನು ಒಂದು ಸಭೆಯೇ ನೋಡುವಂತಾಗಬೇಕು. 1880ರಲ್ಲಿ ಆತನು ಆಟಿಕೆಯನ್ನು ಮಾಯಾದೀಪದೊಡನೆ ಜೋಡಿಸಿ, ಕುಣಿಯುವ ಚಿತ್ರವನ್ನು ತೆರೆಯ ಮೇಲೆ ಬೀಳಿಸಿದನು. ಒಂದು ತೊಡಕು ಬಿಡಿಸಿತು, ಇನ್ನೊಂದು ಉಳಿಯಿತು. ಚಿತ್ರಗಳು ಹನ್ನೆರಡೇ. ಹನ್ನೆರಡು ಮುಗಿದೊಡನೆ ಮತ್ತೆ ಮೊದಲನೆಯದು. ಹುಡುಗಿ ಹಗ್ಗ ಹಾರಬಹುದು, ನೀರಿನಲ್ಲಿ ಈಜುಗಾರ ಕೈ ಬೀಸಬಹುದು. ಆದರೆ ಹುಡುಗಿ ಹಗ್ಗವನ್ನು ಕೆಳಗಿಟ್ಟು ಮನೆಗೆ ಹೋಗುವಂತಿಲ್ಲ. ವೃತ್ತದಲ್ಲಿ ಚಲನೆಯುಂಟು, ಕಥೆಯಿಲ್ಲ. ಕಥೆಗೆ ಆದಿ ಬೇಕು, ಅಂತ್ಯ ಬೇಕು.

ಈ ವೃತ್ತವನ್ನು ಕತ್ತರಿಸಿ ನೇರವಾದ ಪಟ್ಟಿಯಾಗಿ ಮಾಡಿದುದೇ ರೇನೋನ ಬಾಳಿನ ದೊಡ್ಡ ಸಾಧನೆಯೆನ್ನಬೇಕು. ಅಂಟುಸರಿನಿಂದ ತಯಾರಿಸಿದ ಪಾರದರ್ಶಕವಾದ ಪುಟ್ಟ ಚೌಕಗಳ ಮೇಲೆ ಒಂದೊಂದೇ ಚಿತ್ರ ಬರೆದು, ಚೌಕಗಳನ್ನು ಒಂದಕ್ಕೊಂದು ಸೇರಿಸಿ, ಬೇಕಾದಷ್ಟು ಉದ್ದದ ಪಟ್ಟಿ ಮಾಡಿದನು. ಪ್ರತಿ ಎರಡು ಚಿತ್ರಗಳ ನಡುವೆ ಒಂದು ರಂಧ್ರ. ಚಕ್ರದ ಮೊಳೆಗಳು ಆ ರಂಧ್ರಗಳನ್ನು ಹಿಡಿದು ಪಟ್ಟಿಯನ್ನು ಕ್ರಮವಾಗಿ ಎಳೆಯುತ್ತವೆ. ಒಂದು ಸುರುಳಿಯಿಂದ ಬಿಚ್ಚಿಕೊಂಡ ಪಟ್ಟಿ ಇನ್ನೊಂದು ಸುರುಳಿಗೆ ಸುತ್ತಿಕೊಳ್ಳುತ್ತದೆ. ನಡುವೆ ಮೂವತ್ತಾರು ಕನ್ನಡಿಗಳ ಉರುಳೆ. ಒಂದು ದೀಪವು ಪಾತ್ರಗಳ ಚಿತ್ರವನ್ನು ಕನ್ನಡಿಗಳ ಮೂಲಕ ತೆರೆಗೆ ಕಳಿಸಿದರೆ, ಇನ್ನೊಂದು ಮಾಯಾದೀಪವು ತೋಟ, ಸಮುದ್ರತೀರ ಮೊದಲಾದ ನಿಶ್ಚಲವಾದ ಹಿನ್ನೆಲೆಯನ್ನು ಅದೇ ತೆರೆಯ ಮೇಲೆ ಬೀಳಿಸುತ್ತದೆ. ಹಿನ್ನೆಲೆಯನ್ನು ಪ್ರತಿ ಚಿತ್ರದಲ್ಲಿಯೂ ಬರೆಯುವ ಶ್ರಮ ಇದರಿಂದ ಉಳಿಯಿತು. 1888ರ ಡಿಸೆಂಬರಿನಲ್ಲಿ ರೇನೋ ಇದಕ್ಕೆ ಪೇಟೆಂಟ್ ಪಡೆಯಲು ಅರ್ಜಿ ಕೊಟ್ಟನು. ಆತನು ಇಟ್ಟ ಹೆಸರು ತೇಆತ್ರ್ ಒಪ್ತೀಕ್, ಅಂದರೆ ದೃಷ್ಟಿಯ ನಾಟಕಶಾಲೆ. ರಂಧ್ರಗಳ ಪಟ್ಟಿ, ಹಲ್ಲಿನ ಚಕ್ರ, ಎರಡು ಸುರುಳಿ: ಮುಂದೆ ಇಪ್ಪತ್ತನೆಯ ಶತಮಾನದ ಚಿತ್ರಮಂದಿರಗಳ ಯಂತ್ರಗಳಲ್ಲೆಲ್ಲ ಇವೇ ಅಂಗಗಳು ಕಂಡುವು.

ಮೇಣದ ಬೊಂಬೆಗಳ ಭವನದಲ್ಲಿ

ಪ್ಯಾರಿಸ್ಸಿನ ಮಾಂತ್‌ಮಾರ್ತ್ರ್ ಬುಲೆವಾರ್ ಎಂಬ ಬೀದಿಯಲ್ಲಿ ಗ್ರೆವಿನ್ ಎಂಬ ಹೆಸರಿನ ಮೇಣದ ಬೊಂಬೆಗಳ ಸಂಗ್ರಹಾಲಯವಿದೆ. 1892ರ ಅಕ್ಟೋಬರಿನಲ್ಲಿ ರೇನೋ ಈ ಸಂಸ್ಥೆಯೊಡನೆ ಕರಾರು ಮಾಡಿಕೊಂಡನು. ಅದೇ ತಿಂಗಳ 28ರಂದು ಬೆಳಕಿನ ಮೂಕನಾಟಕಗಳೆಂಬ ಹೆಸರಿನಿಂದ ಪ್ರದರ್ಶನ ಆರಂಭವಾಯಿತು. ಭಿತ್ತಿಚಿತ್ರವನ್ನು ಬರೆದವನು ಆ ಕಾಲದ ಹೆಸರಾಂತ ಕಲಾವಿದ ಶೆರೆ. ಸಂಗೀತವನ್ನು ರಚಿಸಿದವನು ಗಸ್ತೋ ಪೋಲಾಂ.

ಮೊದಲ ದಿನ ತೋರಿಸಿದುದು ಮೂರು ಕಥೆಗಳನ್ನು. ಬಡಪಾಯಿ ಪಿಯೆರೊ ಎಂಬುದರಲ್ಲಿ 500 ಚಿತ್ರಗಳು, ಪಟ್ಟಿಯ ಉದ್ದ 36 ಮೀಟರು. ಮತ್ತೊಂದರಲ್ಲಿ 700 ಚಿತ್ರಗಳು, ಇನ್ನೊಂದರಲ್ಲಿ 300. ಒಟ್ಟು ಸಾವಿರದ ಐನೂರು ಚಿತ್ರಗಳನ್ನು ಒಬ್ಬನೇ ಮನುಷ್ಯನು ಬರೆದು ಬಣ್ಣ ತುಂಬಿದ್ದನು. ಪಿಯೆರೊ, ಆರ್ಲೆಕಿನ್, ಕೊಲಂಬಿನ್ ಎಂಬುವರು ಯೂರೋಪಿನ ಹಳೆಯ ಪ್ರಹಸನಗಳ ಪಾತ್ರಗಳು. ನಮ್ಮ ಬಯಲಾಟದ ಹಾಸ್ಯಗಾರನಂತೆ ನೋಡಿದೊಡನೆ ಗುರುತು ಸಿಗುವವರು. ಪಿಯೆರೊ ಪಾಪ, ಹೂಗುಚ್ಛ ಹಿಡಿದು ಪ್ರಿಯತಮೆಯ ಬಳಿಗೆ ಬರುತ್ತಾನೆ, ಕಿಟಕಿಯ ಕೆಳಗೆ ನಿಂತು ಹಾಡುತ್ತಾನೆ. ಮೊದಲೇ ಬಂದು ಅಡಗಿಕೊಂಡಿರುವ ಆರ್ಲೆಕಿನ್ ಕೋಲಿನಿಂದ ತಿವಿದು ಅವನನ್ನು ಓಡಿಸುತ್ತಾನೆ. ಕೋಲಿನ ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ಶಬ್ದವೂ ಕೇಳಬೇಕೆಂದು ರೇನೋ ಪಟ್ಟಿಯ ಮೇಲೆ ಬೆಳ್ಳಿಯ ಸಣ್ಣ ತಗಡುಗಳನ್ನು ಅಂಟಿಸಿ, ಅವುಗಳಿಂದ ವಿದ್ಯುತ್ತು ಹರಿದು ಬಡಿಗೆ ಬಡಿಯುವ ಏರ್ಪಾಡು ಮಾಡಿದ್ದನು!

ತೆರೆಯ ಹಿಂದೆ, ನಮ್ಮ ತೊಗಲುಬೊಂಬೆಯ ಆಟದವರಂತೆ, ರೇನೋ ನಿಂತಿರುತ್ತಿದ್ದನು. ಪ್ರೇಕ್ಷಕರಿಗೆ ಯಂತ್ರವೂ ಕಾಣದು, ಯಂತ್ರ ನಡೆಸುವವನೂ ಕಾಣನು. ಎರಡು ಕೈಗಳಿಂದ ಎರಡು ಸುರುಳಿಗಳ ಹಿಡಿಗಳನ್ನು ತಿರುಗಿಸುತ್ತ, ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ, ಒಮ್ಮೆ ನಿಲ್ಲಿಸಿ, ಒಮ್ಮೆ ಸರಸರನೆ ಬಿಟ್ಟು, ಜನರ ನಗೆಯನ್ನು ಕೇಳಿಕೊಂಡು ಆಟವನ್ನು ನಡೆಸುತ್ತಿದ್ದನು. ಐನೂರು ಚಿತ್ರಗಳು ಈಗಿನ ಸಿನಿಮಾದ ವೇಗದಲ್ಲಿ, ಅಂದರೆ ಸೆಕೆಂಡಿಗೆ 24ರಂತೆ ಓಡಿದರೆ, 21 ಸೆಕೆಂಡಿನಲ್ಲಿ ಮುಗಿದುಹೋಗುತ್ತವೆ. ರೇನೋನ ಕೈಯಲ್ಲಿ ಅದೇ ಐನೂರು ಚಿತ್ರಗಳು ಸುಮಾರು ಹದಿನೈದು ನಿಮಿಷದ ನಾಟಕವಾಗುತ್ತಿದ್ದುವು. ಅದು ಯಂತ್ರದ ಗುಣವಲ್ಲ, ಕೈಯ ಗುಣ.

ಕರಾರಿನ ಲೆಕ್ಕ

ಇನ್ನು ಕರಾರಿನ ವಿಷಯ. ಬ್ಯಾಂಕಿನಲ್ಲಿ ದಿನವೂ ಕರಾರು ಪತ್ರಗಳ ನಡುವೆಯೇ ಕುಳಿತಿರುವ ನನ್ನಂಥವನಿಗೆ ರೇನೋನ ಬಾಳಿನಲ್ಲಿ ಎಲ್ಲಕ್ಕಿಂತ ಮನಸ್ಸಿಗೆ ನಾಟುವುದು ಇದೇ. ಸಂಸ್ಥೆಯು ತಿಂಗಳಿಗೆ 500 ಫ್ರಾಂಕು ಕೊಡತಕ್ಕದ್ದು, ಜೊತೆಗೆ ಪ್ರವೇಶದ ಹಣದಲ್ಲಿ ನೂರಕ್ಕೆ ಹತ್ತು. ಕೇಳಲು ಚೆನ್ನಾಗಿಯೇ ಇದೆ. ಆದರೆ ಪ್ರದರ್ಶನಗಳನ್ನು ರೇನೋನೇ ನಡೆಸಬೇಕು. ದಿನಕ್ಕೆ ಐದು ಆಟ. ಭಾನುವಾರ ಮತ್ತು ಹಬ್ಬದ ದಿನ ಇನ್ನೂ ಹೆಚ್ಚು. ಸವೆದ ಪಟ್ಟಿಗಳನ್ನು ಆತನೇ ದುರಸ್ತು ಮಾಡಬೇಕು, ಹೊಸ ಪಟ್ಟಿಗಳನ್ನು ಆತನೇ ಬರೆದು ಒದಗಿಸಬೇಕು. ಈ ಪ್ರದರ್ಶನವನ್ನು ಬೇರೆಲ್ಲಿಯೂ ಕೊಡಕೂಡದು.

ಈ ಷರತ್ತುಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿದರೆ ಗಂಟು ಎಲ್ಲಿ ಬಿಗಿಯುತ್ತದೆಂಬುದು ತಿಳಿಯುತ್ತದೆ. ಹೊಸ ಪಟ್ಟಿ ಬರೆಯಲು ತಿಂಗಳುಗಟ್ಟಲೆ ಬೇಕು. ಆದರೆ ಹಗಲೂ ಸಂಜೆಯೂ ಹಿಡಿ ತಿರುಗಿಸುವವನಿಗೆ ಬರೆಯಲು ಹೊತ್ತೆಲ್ಲಿ? ಪ್ರತಿಯೊಂದು ಪಟ್ಟಿಗೂ ಒಂದೇ ಮೂಲ, ಪ್ರತಿ ಇಲ್ಲ. ಪ್ರತಿ ಆಟದಲ್ಲಿಯೂ ಆ ಒಂದೇ ಮೂಲ ಅಷ್ಟಷ್ಟು ಸವೆಯುತ್ತದೆ. 1893ರ ಮಾರ್ಚಿಯಲ್ಲಿಯೇ ಪ್ರದರ್ಶನವನ್ನು ನಿಲ್ಲಿಸಿ ಹೊಸ ಪಟ್ಟಿಗಳನ್ನು ಬರೆಯಬೇಕಾಯಿತು. ಮತ್ತೆ ಆರಂಭವಾದುದು 1894ರ ಹೊಸ ವರ್ಷದ ದಿನ. ಆಗ ಬಂದ ಹೊಸ ಕಥೆಗಳಲ್ಲಿ ಸಮುದ್ರಸ್ನಾನದ ಗುಡಿಸಲಿನ ಸುತ್ತ ನಡೆಯುವ ಒಂದು ವಿನೋದ ಬಹಳ ಸೊಗಸಾದುದು. ಅದರಲ್ಲಿ 636 ಚಿತ್ರಗಳಿವೆ. ಕೊನೆಗೆ ಒಂದು ಹಾಯಿದೋಣಿ ಬಂದು, ಆಟ ಮುಗಿಯಿತೆಂದು ಹಾಯಿಯ ಮೇಲೆಯೇ ಬರೆದು ತೋರಿಸಿ ಸಾಗಿಹೋಗುತ್ತದೆ.

1892ರಿಂದ 1900ರವರೆಗೆ ನಡೆದ ಆಟಗಳು ಸುಮಾರು 12,800. ನೋಡಿದವರು ಐದು ಲಕ್ಷ ಜನ. ಭಾಗಿಸಿ ನೋಡಿದರೆ ಒಂದು ಆಟಕ್ಕೆ ಸುಮಾರು 39 ಜನ. ಒಂದು ಸಣ್ಣ ಕೋಣೆಯಲ್ಲಿ ಮೂವತ್ತೊಂಬತ್ತು ಜನರನ್ನು ನಗಿಸಲು, ತೆರೆಯ ಹಿಂದೆ ಒಬ್ಬನು ಹನ್ನೆರಡು ಸಾವಿರದ ಎಂಟುನೂರು ಸಲ ಹಿಡಿ ತಿರುಗಿಸಿದನು.

ಡಿಸೆಂಬರಿನ ಒಂದು ಸಂಜೆ

1895ನೆಯ ಇಸವಿ ಡಿಸೆಂಬರ್ 28ರಂದು, ಗ್ರೆವಿನ್ ಭವನದಿಂದ ಕಾಲುನಡಿಗೆಯಲ್ಲಿ ಹೋಗಬಹುದಾದಷ್ಟು ದೂರದ ಗ್ರಾಂದ್ ಕಫೆ ಎಂಬ ಹೋಟೆಲಿನ ನೆಲಮಾಳಿಗೆಯಲ್ಲಿ ಲೂಮಿಯೇರ್ ಸಹೋದರರ ಸಿನಿಮಾಟೋಗ್ರಾಫ್ ಯಂತ್ರದ ಮೊದಲ ಸಾರ್ವಜನಿಕ ಪ್ರದರ್ಶನ ನಡೆಯಿತು. ಒಂದು ಫ್ರಾಂಕಿನ ಪ್ರವೇಶಧನ ಕೊಟ್ಟು ಬಂದವರು ಸುಮಾರು ಮೂವತ್ತಮೂರು ಜನ. ತೋರಿಸಿದುದು ಹತ್ತು ತುಣುಕುಗಳು. ಒಂದೊಂದೂ ಒಂದು ನಿಮಿಷಕ್ಕಿಂತ ಕಡಿಮೆ. ಕಾರ್ಖಾನೆಯಿಂದ ಕೆಲಸಗಾರರು ಹೊರಗೆ ಬರುವುದು, ಮಗುವಿಗೆ ಉಣಿಸುವುದು, ಇಂಥ ನಿತ್ಯದ ದೃಶ್ಯಗಳು. ಬಣ್ಣವಿಲ್ಲ, ಕಥೆಯೂ ಹೆಚ್ಚಿಲ್ಲ. ಸೊಬಗಿನಲ್ಲಿ ರೇನೋನ ನಾಟಕಗಳಿಗೆ ಇವು ಸರಿಗಟ್ಟುತ್ತಿರಲಿಲ್ಲ.

ಆದರೆ ಲೆಕ್ಕ ಬೇರೆಯೇ ಇದ್ದಿತು. ಐವತ್ತು ಸೆಕೆಂಡಿನ ತುಣುಕನ್ನು ತೆಗೆಯಲು ಲೂಮಿಯೇರರಿಗೆ ಐವತ್ತು ಸೆಕೆಂಡು ಸಾಕು. ಒಂದು ಮೂಲದಿಂದ ಹತ್ತು, ನೂರು ಪ್ರತಿಗಳನ್ನು ಮುದ್ರಿಸಬಹುದು. ಚಿತ್ರ ತೆಗೆಯುವುದು, ಪ್ರತಿ ಮಾಡುವುದು, ತೆರೆಯ ಮೇಲೆ ತೋರಿಸುವುದು, ಮೂರು ಕೆಲಸಗಳಿಗೂ ಕೈಯಲ್ಲಿ ಹಿಡಿದೊಯ್ಯಬಹುದಾದ ಒಂದೇ ಪೆಟ್ಟಿಗೆ. ಅದನ್ನು ತಿರುಗಿಸಲು ಲೂಮಿಯೇರರೇ ಬರಬೇಕಾಗಿಲ್ಲ, ತರಬೇತಾದ ನೌಕರ ಸಾಕು. ಇದರ ಫಲವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಪ್ಯಾರಿಸ್ಸಿನ ಆ ಸಂಜೆಯಿಂದ ಆರು ತಿಂಗಳು ಕಳೆದು ಹತ್ತು ದಿನವಾಗುವ ಮೊದಲೇ, 1896ರ ಜುಲೈ 7ರಂದು, ನಮ್ಮ ಈ ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರರ ಚಿತ್ರಗಳ ಪ್ರದರ್ಶನ ನಡೆಯಿತು. ಭಾರತದಲ್ಲಿ ಸಿನಿಮಾದ ಚರಿತ್ರೆ ಅಂದಿನಿಂದಲೇ ಮೊದಲಾಗುತ್ತದೆ. ಕಾಲಾ ಘೋಡಾದ ಬಳಿ, ಮುಂದೆ ಎಸ್ಪ್ಲನೇಡ್ ಮ್ಯಾನ್ಶನ್ ಎಂದು ಕರೆಯಿಸಿಕೊಂಡ, ಕಬ್ಬಿಣದ ಚೌಕಟ್ಟಿನ ಆ ಕಟ್ಟಡದ ಮುಂದೆ ನಮ್ಮಲ್ಲಿ ಎಷ್ಟೋ ಜನ ಕಚೇರಿಗೆ ಹೋಗುವಾಗ ಹಾದುಹೋಗಿದ್ದೇವೆ. ಲೂಮಿಯೇರರ ಪೆಟ್ಟಿಗೆ ಹಡಗು ಹತ್ತಿ ಮುಂಬಯಿಗೆ ಬಂದಾಗ, ರೇನೋನ ಯಂತ್ರಕ್ಕೆ ಕರಾರಿನಂತೆ ಗ್ರೆವಿನ್ ಭವನದ ಹೊಸಿಲನ್ನು ದಾಟುವ ಹಾಗಿರಲಿಲ್ಲ.

ರೇನೋ ಕೈಕಟ್ಟಿ ಕುಳಿತವನಲ್ಲ. ತಾನೂ ಛಾಯಾಚಿತ್ರ ತೆಗೆಯುವ ಯಂತ್ರವೊಂದನ್ನು ರಚಿಸಿ, ನಟರ ಅಭಿನಯವನ್ನು ಸೆರೆಹಿಡಿದು, ಆ ಚಿತ್ರಗಳನ್ನು ತಿದ್ದಿ ಬಣ್ಣ ಹಾಕಿ 1896 ಮತ್ತು 1897ರಲ್ಲಿ ಎರಡು ಹೊಸ ಪಟ್ಟಿಗಳನ್ನು ತಯಾರಿಸಿದನು. ಫೂಟಿತ್ ಮತ್ತು ಶೊಕೊಲಾ ಎಂಬ ಹೆಸರಾದ ಸರ್ಕಸ್ ವಿದೂಷಕರು ಒಂದರಲ್ಲಿ ಕಾಣಿಸಿಕೊಂಡರು. ಆದರೆ ಇಲ್ಲಿಯೂ ಆತನು ಕುಂಚವನ್ನು ಕೆಳಗಿಡಲಿಲ್ಲ. ಕೈ ಸೋಕದ ಚಿತ್ರವನ್ನು ತೋರಿಸಲು ಆತನ ಮನಸ್ಸು ಒಪ್ಪಲಿಲ್ಲವೆಂದು ತೋರುತ್ತದೆ. ಅಷ್ಟರಲ್ಲಿ ಪ್ಯಾರಿಸ್ಸಿನ ಜನ ಹೊಸ ಸಿನಿಮಾದ ಕಡೆಗೆ ಹರಿದಿದ್ದರು. 1900ನೆಯ ಇಸವಿ ಫೆಬ್ರವರಿ ಕೊನೆಯಲ್ಲಿ ಬೆಳಕಿನ ರಂಗಭೂಮಿ ಮುಚ್ಚಿತು.

ಕೊನೆಯ ದಿನಗಳು

ಆ ಮೇಲಿನ ವರ್ಷಗಳು ಹೇಳಲು ಸುಖವಾದುವಲ್ಲ. ಎರಡು ಕಣ್ಣುಗಳಿಗೂ ಬೇರೆ ಬೇರೆ ಚಿತ್ರ ತೋರಿಸಿ ಉಬ್ಬುತಗ್ಗುಗಳ ಭಾವನೆ ಬರಿಸುವ ಹೊಸ ಯಂತ್ರವೊಂದನ್ನು ರೇನೋ ರಚಿಸಿದನು. ಅದಕ್ಕೆ ಹಣ ಹಾಕುವವರು ಸಿಗಲಿಲ್ಲ. ಆಟಿಕೆಯ ವ್ಯಾಪಾರವೂ ಇಳಿಯಿತು. 1910ರ ಸುಮಾರಿಗೆ, ಹತಾಶೆಯ ಒಂದು ಗಳಿಗೆಯಲ್ಲಿ, ಆತನು ಉಳಿದಿದ್ದ ಯಂತ್ರಗಳನ್ನು ಸುತ್ತಿಗೆಯಿಂದ ಒಡೆದು ಹಾಕಿದನು. ಕೂದಲೆಳೆಯಷ್ಟೂ ತಪ್ಪದಂತೆ ಕೂಡಿಸಿದ್ದ ಚಕ್ರಗಳು ಗುಜರಿಯ ಪಾಲಾದುವು. ಅದಾದ ಮೇಲೆ, ಕೆಲವು ವರ್ಷಗಳೊಳಗೆ, ತನ್ನ ಚಿತ್ರದ ಪಟ್ಟಿಗಳನ್ನೂ ಒಯ್ದು ಸೀನ್ ನದಿಗೆ ಎಸೆದನು. ಬರೆದವನೂ ಅವನೇ, ತೋರಿಸಿದವನೂ ಅವನೇ, ಮುಳುಗಿಸಿದವನೂ ಅವನೇ. ಪ್ರತಿಗಳಿರಲಿಲ್ಲವಾದುದರಿಂದ ನದಿಗೆ ಬಿದ್ದುದು ಲೋಕದಿಂದಲೇ ಹೋಯಿತು.

ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1918ನೆಯ ಇಸವಿ ಜನವರಿ 9ರಂದು, ಪ್ಯಾರಿಸ್ಸಿನ ಹತ್ತಿರದ ಈವ್ರಿ ಎಂಬಲ್ಲಿನ ರೋಗಿಗಳ ಆಶ್ರಮವೊಂದರಲ್ಲಿ ಎಮಿಲ್ ರೇನೋ ಕಣ್ಣು ಮುಚ್ಚಿದನು. ಆಗ ಆತನಿಗೆ 73 ವರ್ಷ.

ಉಳಿದುದು

ಎಲ್ಲವೂ ನದಿಯ ಪಾಲಾಗಲಿಲ್ಲವೆಂಬುದು ನಮ್ಮ ಪುಣ್ಯ. ಬಡಪಾಯಿ ಪಿಯೆರೊನ ಪಟ್ಟಿಯೂ ಸಮುದ್ರಸ್ನಾನದ ವಿನೋದದ ಪಟ್ಟಿಯೂ ಉಳಿದುವು. ಬಹಳ ಕಾಲದ ಮೇಲೆ ತಜ್ಞರು ಅವುಗಳಲ್ಲಿನ ಒಂದೊಂದೇ ಚಿತ್ರವನ್ನು ಫಿಲ್ಮಿಗೆ ಇಳಿಸಿ ಮತ್ತೆ ಓಡುವಂತೆ ಮಾಡಿದರು. ರೇನೋನ ಈ ಬೆಳಕಿನ ನಾಟಕಗಳನ್ನು 2015ರಲ್ಲಿ ಯುನೆಸ್ಕೋ ಸಂಸ್ಥೆಯು ಜಗತ್ತಿನ ಸ್ಮೃತಿಯ ಪಟ್ಟಿಯಲ್ಲಿ ಸೇರಿಸಿತು. ಒಂದು ಕಾಲಕ್ಕೆ ಪ್ರತಿಯೇ ಇಲ್ಲದಿದ್ದ ಪಿಯೆರೊ ಇಂದು ಕೈಯಲ್ಲಿನ ಫೋನಿನಲ್ಲಿ ನಮ್ಮ ಮಕ್ಕಳಿಗೂ ಕಾಣಸಿಗುತ್ತಾನೆ. ನೂರ ಮೂವತ್ತು ವರ್ಷಕ್ಕೂ ಹಿಂದಿನ ಹೂಗುಚ್ಛ ಹಿಡಿದು, ಅದೇ ಕಿಟಕಿಯ ಕೆಳಗೆ ನಿಂತು, ಅದೇ ಪೆಟ್ಟು ತಿನ್ನುತ್ತಾನೆ, ಮಕ್ಕಳು ನಗುತ್ತಾರೆ.

ರೇನೋನ ಬಾಳನ್ನು ಸೋಲೆಂದು ಕರೆಯುವುದು ಸುಲಭ. ಆದರೆ ಸೋತುದು ಕಲೆಯಲ್ಲ, ಅದನ್ನು ಇನ್ನೊಬ್ಬರ ಕೈಗೆ ದಾಟಿಸುವ ದಾರಿ. ಒಂದೇ ಕೈಯಲ್ಲಿ ಉಳಿದ ವಿದ್ಯೆ, ಆ ಕೈ ಎಷ್ಟೇ ಕುಶಲವಾಗಿದ್ದರೂ, ಆ ಕೈಯೊಡನೆಯೇ ದಣಿಯುತ್ತದೆ. ಊರು ಬಿಟ್ಟು ಬಂದು ಪರಭಾಷೆಯ ನಡುವೆ ಬದುಕು ಕಟ್ಟಿಕೊಂಡಿರುವ ನಮಗೆ ಈ ಮಾತು ಬೇರೆಯವರಿಗಿಂತ ಹೆಚ್ಚು ತಿಳಿಯಬೇಕು. ನಮ್ಮ ತಾಯಂದಿರು ಹೇಳುತ್ತಿದ್ದ ಕಥೆಗಳು, ಅಜ್ಜನ ಗಾದೆಗಳು, ಹಬ್ಬದ ಹಾಡುಗಳು, ಇವಕ್ಕೆ ನಮ್ಮ ಮನೆಗಳಲ್ಲಿ ಇರುವುದು ಅನೇಕ ವೇಳೆ ಒಂದೇ ಮೂಲ. ಅದರ ಪ್ರತಿ ತೆಗೆಯುವ ಯಂತ್ರ ಯಾವ ಅಂಗಡಿಯಲ್ಲಿಯೂ ಸಿಗದು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಾಗ ಮಾತ್ರ ಒಂದು ಪ್ರತಿ ಸಿದ್ಧವಾಗುತ್ತದೆ.

ಈ ರಾಜ್ಯೋತ್ಸವದ ರಜೆಯಲ್ಲಿ ಮಕ್ಕಳೊಡನೆ ಕುಳಿತು ಬಡಪಾಯಿ ಪಿಯೆರೊನನ್ನು ಒಮ್ಮೆ ನೋಡಿರೆಂದು ಬಂಧುಗಳಲ್ಲಿ ನನ್ನ ವಿನಂತಿ. ಅದರಲ್ಲಿ ಮಾತಿಲ್ಲ. ಆದುದರಿಂದ ಕಥೆಯನ್ನು ಮಕ್ಕಳಿಗೆ ನೀವೇ ಹೇಳಬೇಕಾಗುತ್ತದೆ. ಅದನ್ನು ಕನ್ನಡದಲ್ಲಿಯೇ ಹೇಳಿರಿ.